ಖೋ ಬೀಳುವ ಮುನ್ನ ಎದ್ದವಳು

ನಮ್ಮ ಮಾವ ಶಂಕರಲಿಂಗ ಅವರು ನಿಷ್ಪಕ್ಷಪಾತಿ ಬರಹಗಾರರು. ಇದು ನನ್ನ ಮಾತಲ್ಲ, ಅವರೇ ತಮ್ಮ ಬಗ್ಗೆ ಹೇಳಿಕೊಳ್ಳುವ ಮಾತು. ಚಿತ್ತಾಪುರದ ಬಸ್ ನಿಲ್ದಾಣದ ಎದುರಿಗೆ ಅವರದೊಂದು ಫೋಟೊ ಸ್ಟುಡಿಯೋ ಇದೆ. ಅದರ ಗೋಡೆಗೆ ‘ಲೇಖನಿಗೆ ಬಂಧುಗಳಿಲ್ಲ’ ಎಂದು ಬರೆಸಿದ ಬೋರ್ಡು ತೂಗುಹಾಕಿದ್ದಾರೆ. ಬೋರ್ಡಿನ ಸುತ್ತಲೂ ಬಂಧುಗಳ ಮದುವೆಯ ಫೋಟೊಗಳಿವೆ. ಎರಡನ್ನೂ ಒಟ್ಟಿಗೆ ನೋಡಿ ನಕ್ಕವಳು ಆ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಸ್ಟುಡಿಯೋ ಹೊಟ್ಟೆಪಾಡಿಗೆ. ಮಾವನ ಪ್ರಾಣವೆಲ್ಲ ‘ಕಾಗಿಣಾ ವಾಣಿ’ ಪತ್ರಿಕೆಯಲ್ಲಿ. ಪ್ರತಿ ಭಾನುವಾರ ಅದರಲ್ಲಿ ಅವರ ‘ಅಂಗಳ ಮತ್ತು ರಂಗ’ ಅಂಕಣ ಬರುತ್ತದೆ. ವಾಡಿಯಲ್ಲಿ ವಾಲಿಬಾಲ್ ನಡೆದರೂ ಬರೆಯುವವರು ಮಾವ, ಚಿಂಚೋಳಿಯಲ್ಲಿ ನಾಟಕ ನಡೆದರೂ ಮಾವ, ಸೇಡಂನಲ್ಲಿ ಯಾರಾದರೂ ನಾಲ್ಕು ಚಿತ್ರ ಬರೆದು ಗೋಡೆಗೆ ಹಚ್ಚಿದರೂ ಮಾವ. ಈ ಭಾಗದಲ್ಲಿ ಆಟಕ್ಕೂ ಕಲೆಗೂ ಅವರೊಬ್ಬರೇ ದಿಕ್ಕು. ಅವರು ಬರೆದರೆ ಆಯಿತು, ಬರೆಯದಿದ್ದರೆ ಆಗಲೇ ಇಲ್ಲ.

ಚೆಂದ ಬರೆಯುತ್ತಾರೆ, ಅದನ್ನು ಇಲ್ಲವೆನ್ನಲಾರೆ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಮೇಲೆ ಬಣ್ಣ ಹಚ್ಚುವ ಒಬ್ಬ ಮುದುಕನ ಬಗ್ಗೆ ‘ಈತನ ಕಲ್ಲುಗಳು ಸಂಜೆಯಾದರೂ ಬಿಸಿ ಇರುತ್ತವೆ’ ಎಂದು ಬರೆದಿದ್ದರು. ಆ ಸಾಲನ್ನು ನಾನು ಬಾಯಿಪಾಠ ಮಾಡಿದ್ದೆ. ಚಹಾದ ಹೋಟೆಲುಗಳಲ್ಲಿ ಒಬ್ಬರು ಓದಿ ಉಳಿದವರು ಕೇಳುತ್ತಿದ್ದರು. ಮಾವನ ಬರವಣಿಗೆಯಲ್ಲಿ ಮಾವನ ದನಿಯೇ ಕೇಳಿಸುತ್ತಿತ್ತು. ಎದುರಿಗೆ ಕೂತು, ಮಂಡಿಯ ಮೇಲೆ ಕೈಯಿಟ್ಟು ಹೇಳಿದ ಹಾಗೆ. ಆ ದನಿ ಒಮ್ಮೆ ನನ್ನ ಬಗ್ಗೆಯೂ ಮಾತಾಡಬೇಕು ಎಂಬ ಆಸೆ ನನಗೆ ಸಣ್ಣಂದಿನಿಂದ ಇತ್ತು. ಈಗ ಆ ಆಸೆಯನ್ನು ನೆನೆದರೆ ಬಾಯಿ ಕಹಿಯಾಗುತ್ತದೆ.

ನಾನು ಶೈಲಶ್ರೀ, ದಂಡೋತಿಯವಳು. ಅಪ್ಪ ಕಾಶಪ್ಪನಿಗೆ ಕಾಗಿಣಾ ಹೊಳೆದಂಡೆಯಲ್ಲಿ ಸ್ವಲ್ಪ ಹೊಲ, ಹೊಲದ ಕೆಲಸ ಮುಗಿದರೆ ವಾಡಿಗೆ ಹೋಗಿ ಹಮಾಲಿ. ಅವ್ವ ಶಿವಕಾಂತಮ್ಮ, ಶಂಕರಲಿಂಗ ಮಾವನ ಸ್ವಂತ ತಂಗಿ. ನಾನು ಖೋ ಖೋ ಆಡುತ್ತಿದ್ದೆ. ಶಾಲೆಯಲ್ಲಿ ಕಲಿಸಿದವರು ದೈಹಿಕ ಶಿಕ್ಷಕ ಗುರುಲಿಂಗಪ್ಪ ಸರ್. ಚಿತ್ತಾಪುರದ ಕಾಲೇಜು ಸೇರಿದ ಮೇಲೂ ಅವರೇ ಸಂಜೆ ಮೈದಾನಕ್ಕೆ ಬಂದು ನಮ್ಮ ತಂಡವನ್ನು ಓಡಿಸುತ್ತಿದ್ದರು. ಓಡುವುದು ಬಿಟ್ಟರೆ ನನಗೆ ಇನ್ನೊಂದು ವಿದ್ಯೆ ಇರಲಿಲ್ಲ, ಬೇಕು ಎಂದೂ ಅನ್ನಿಸಲಿಲ್ಲ.

ನಮ್ಮವರ ಒಂದು ಪದ್ಧತಿ ಇಲ್ಲಿ ಹೇಳಬೇಕು. ತಂಗಿಯ ಮಗಳ ಮೇಲೆ ಅಣ್ಣನ ಮನೆಯವರ ಹಕ್ಕು ಮೊದಲು. ಅವರು ತಮ್ಮ ಮಗನಿಗೆ ಬೇಡವೆಂದ ಮೇಲೆಯೇ ಹೊರಗಿನವರು ಕೇಳಬೇಕು. ಬಾಯಿಬಿಟ್ಟು ಹೆಣ್ಣು ಕೇಳುವುದಕ್ಕೆ ಮೊದಲು ಮಾವನ ಮನೆಯವರು ನಾಲ್ಕು ಜನರ ಎದುರಿಗೆ ಹುಡುಗಿಯನ್ನು ಹೊಗಳುತ್ತಾರೆ. ಅದೇ ಸೂಚನೆ. ‘ನಮ್ಮ ಹುಡುಗಿ ರೊಟ್ಟಿ ಭಾಳ ಚೊಲೋ ಬಡೀತಾಳ’ ಎಂದು ಸೋದರತ್ತೆ ಯಾವುದೋ ಬಸುರಿಯ ಕುಬಸದ ಕಾರ್ಯದಲ್ಲಿ ಅಂದರೆ, ಕೂತ ಹೆಂಗಸರು ಮುಖ ಮುಖ ನೋಡಿಕೊಂಡು ಮದುವೆ ಯಾವಾಗ ಎಂದು ಲೆಕ್ಕ ಹಾಕುತ್ತಾರೆ. ಹಾಗಾಗಿ ನಮ್ಮಲ್ಲಿ ಮಾವನಾದವನು ಸೊಸೆಯಾಗಬಲ್ಲ ಹುಡುಗಿಯನ್ನು ಸುಮ್ಮಸುಮ್ಮನೆ ಹೊಗಳುವುದಿಲ್ಲ.

ಮಾವನಿಗೆ ಒಬ್ಬನೇ ಮಗ, ಆನಂದಕುಮಾರ. ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸ. ಕೆಟ್ಟವನಲ್ಲ. ಯಾರೇನು ಅಂದರೂ ಹೂಂ ಅನ್ನುವವನು.

ಅವ್ವನಿಗೆ ಓದು ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ನನ್ನನ್ನು ಕೂರಿಸಿ ಅಣ್ಣನ ಅಂಕಣ ಓದಿಸಿಕೊಳ್ಳುತ್ತಿದ್ದಳು. ಮುಗಿದ ಮೇಲೆ ತಪ್ಪದೆ ಕೇಳುತ್ತಿದ್ದಳು.

“ನಿಂದು ಬಂದದೇನು?”

“ಇಲ್ಲವ್ವ.”

“ಪೂರಾ ಓದಿದಿ?”

“ಪೂರಾ.”

ಅವ್ವ ನಿಟ್ಟುಸಿರು ಬಿಟ್ಟು ಒಲೆಯ ಕಡೆ ಹೋಗುತ್ತಿದ್ದಳು. ನನ್ನ ಆಟದ ಬಗ್ಗೆ ಅವಳಿಗೆ ಎಷ್ಟೊಂದು ಕಾಳಜಿ ಎಂದು ನಾನು ಒಳಗೊಳಗೇ ಉಬ್ಬುತ್ತಿದ್ದೆ. ಅವ್ವ ಕಾಯುತ್ತಿದ್ದುದು ಬೇರೆಯದಕ್ಕೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಸೇಡಂನಲ್ಲಿ ಜಿಲ್ಲಾ ಮಟ್ಟದ ಫೈನಲ್ ಆಯಿತು. ಆ ದಿನ ನನ್ನನ್ನು ಯಾರಿಗೂ ಹಿಡಿಯಲಾಗಲಿಲ್ಲ. ಓಡುವ ಸರದಿಯಲ್ಲಿ ಮೈದಾನಕ್ಕೆ ಇಳಿದವಳು ಸೀಟಿ ಊದುವವರೆಗೆ ಅಲ್ಲೇ ಇದ್ದೆ. ಎದುರಾಳಿ ತಂಡದ ಹುಡುಗಿಯರು ಸುಸ್ತಾಗಿ ಮೈದಾನದ ತುದಿಯ ಕಂಬ ಹಿಡಿದು ನಿಂತರು. ನಮ್ಮ ತಂಡದಲ್ಲೇ ಶಹಾಬಾದಿನ ಸಾನಿಯಾ ಇದ್ದಳು, ದಿನಾ ರೈಲಿನಲ್ಲಿ ಕಾಲೇಜಿಗೆ ಬರುವವಳು, ನನ್ನ ಜೀವದ ಗೆಳತಿ. ಅವಳೂ ಆ ದಿನ ಚೆನ್ನಾಗಿಯೇ ಆಡಿದಳು. ಕಪ್ ನಮ್ಮದಾಯಿತು.

ಭಾನುವಾರ ಮಾವ ಬರೆದರು. ಸಾನಿಯಾ ಕಂಬ ಹಿಡಿದು ಹಾರಿದ್ದಕ್ಕೆ ಒಂದು ಇಡೀ ಪ್ಯಾರಾ. ‘ಆಕೆಯ ಕೈ ಎದುರಾಳಿಯ ಬೆನ್ನನ್ನು ಮುಟ್ಟುವ ಮೊದಲೇ ನೋಡುವವರ ಎದೆಯನ್ನು ಮುಟ್ಟುತ್ತದೆ’ ಎಂದಿದ್ದರು. ಕೊನೆಗೆ ಒಂದು ಸಾಲು: ‘ಉಳಿದಂತೆ ಶೈಲಶ್ರೀ ಸಹಕರಿಸಿದರು.’

ಸೋಮವಾರ ಕಾಲೇಜು ಬಿಟ್ಟವಳೇ ಸ್ಟುಡಿಯೋಕ್ಕೆ ಹೋದೆ. ಮಾವ ಯಾರದೋ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಿದ್ದರು.

“ಮಾವ, ನಾ ಸಹಕರಿಸಿದೆನೇನ್ರಿ?” ಎಂದೆ.

“ಮತ್ತ? ನೀ ಒಬ್ಬಾಕಿನೇ ಕಪ್ ತಂದಿ ಅಂತ ಬರೀಬೇಕಿತ್ತೇನು?”

“ಸಾನಿಯಾಗ ಅಷ್ಟು ಬರದೀರಿ.”

“ಅಕಿ ನನಗೇನಾಗಬೇಕು? ಏನೂ ಇಲ್ಲ. ಅದಕ್ಕ ಬರದೀನಿ. ನಿನ್ನ ಬಗ್ಗೆ ಒಂದ್ ಸಾಲು ಚೊಲೋ ಬರದ್ರ, ತಂಗಿ ಮಗಳನ್ನ ಎತ್ತಿ ಹಿಡೀಲಿಕತ್ಯಾನ ಅಂತಾರ ಮಂದಿ. ಭಾಳ ವರ್ಷ ಆಗ್ಯಾವ ಈ ಹೆಸರು ಗಳಿಸ್ಲಿಕ್ಕ. ನಿನ್ನ ಸಲುವಾಗಿ ಕಳ್ಕೋಲೇನು?”

ಗೋಡೆಯ ಮೇಲಿನ ಬೋರ್ಡು ನೋಡಿದೆ. ನ್ಯಾಯವೇ ಇರಬೇಕು ಅನ್ನಿಸಿತು. ಇಷ್ಟು ದೊಡ್ಡ ಮನುಷ್ಯ ನನ್ನ ಮಾವ ಎಂದು ಹೆಮ್ಮೆಯೂ ಆಯಿತು ಎಂದರೆ ನೀವು ನಗಬಹುದು. ಮನೆಗೆ ಬಂದು ಅವ್ವನಿಗೆ ಹೇಳಿದರೆ, “ನಮ್ಮಣ್ಣ ಹಂಗೇ, ಭಾಳ ನೇಮದ ಮನುಷ್ಯ” ಎಂದು ಅವಳೂ ಕಣ್ಣೊರೆಸಿಕೊಂಡಳು.

ಅದಾದ ಸ್ವಲ್ಪ ದಿನಕ್ಕೆ ಸೇಡಂನಲ್ಲಿ ಒಂದು ನಾಟಕ ನಡೆಯಿತು. ಕೋಡ್ಲಾದ ಕಾರ್ಖಾನೆಯ ಹುಡುಗರು ಸೇರಿ ಆಡಿದ್ದು. ಆನಂದಕುಮಾರನಿಗೆ ರಾಜಕುಮಾರನ ಪಾರ್ಟು. ನಾವೆಲ್ಲ ಹೋಗಿದ್ದೆವು, ಮುಂದಿನ ಸಾಲಿನಲ್ಲೇ ಕೂತಿದ್ದೆವು. ಎರಡನೆಯ ದೃಶ್ಯಕ್ಕೆ ಬರುವಷ್ಟರಲ್ಲಿ ಆನಂದ ಮಾತು ಮರೆತ. ಪರದೆಯ ಹಿಂದಿನಿಂದ ಮಾತು ಹೇಳಿಕೊಡುವವನು ಒಂದು ಸಲ ಹೇಳಿದ, ಎರಡು ಸಲ ಹೇಳಿದ, ಕೊನೆಗೆ ನಮಗೆಲ್ಲ ಕೇಳುವ ಹಾಗೆ ಒದರಿದ. ಆನಂದ ಪರದೆಯ ಕಡೆಗೇ ತಿರುಗಿ ನಿಂತುಬಿಟ್ಟ. ಹಿಂದಿನ ಸಾಲಿನವರು ಸೀಟಿ ಹೊಡೆದರು. ಅವನ ಬಗ್ಗೆ ನನಗೆ ಪಾಪ ಅನ್ನಿಸಿತು.

ಆ ಭಾನುವಾರದ ಅಂಕಣದಲ್ಲಿ ಮಾವ ಬರೆದದ್ದು ಹೀಗಿತ್ತು: ‘ರಾಜಕುಮಾರನ ಪಾತ್ರದ ಯುವ ಕಲಾವಿದ ಮಾತಿಗಿಂತ ಮೌನವನ್ನು ನಂಬಿದ. ಪ್ರೇಕ್ಷಕರತ್ತ ಬೆನ್ನು ಮಾಡಿ ನಿಂತ ಆ ಗಳಿಗೆಯಲ್ಲಿ ಒಬ್ಬ ರಾಜನ ಒಂಟಿತನ ಕಂಡಿತು. ಈ ಭಾಗದ ರಂಗಭೂಮಿಗೆ ಇದು ಹೊಸದು.’ ಕಲಾವಿದನ ಹೆಸರು ಹಾಕಿದ್ದರು, ತಂದೆಯ ಹೆಸರು ಹಾಕಿರಲಿಲ್ಲ.

ಓದುತ್ತ ಓದುತ್ತ ನಾನು ಬಿದ್ದು ಬಿದ್ದು ನಕ್ಕೆ. ನಗು ನಿಂತ ಮೇಲೆ ಸಿಟ್ಟು ಬಂತು. ಮತ್ತೆ ಸ್ಟುಡಿಯೋಕ್ಕೆ ಹೋದೆ.

“ಮಾವ, ಆನಂದ ನಿಮಗೇನಾಗಬೇಕು?”

ಮಾವನಿಗೆ ಅರ್ಥವಾಯಿತು. ಕತ್ತರಿ ಕೆಳಗಿಟ್ಟು, ಪಾಠ ಹೇಳುವವರ ಹಾಗೆ ನಿಧಾನವಾಗಿ ಹೇಳಿದರು.

“ಆಟ ಬ್ಯಾರೆ, ಕಲೆ ಬ್ಯಾರೆ ಶೈಲಾ. ಆಟದಾಗ ಪಾಯಿಂಟ್ ಇರ್ತದ, ನೋಡಿದವರು ಸಾವಿರ ಮಂದಿ ಇರ್ತಾರ. ಹೆಚ್ಚು ಕಮ್ಮಿ ಬರದ್ರ ಹಿಡೀತಾರ. ಕಲೆಯೊಳಗ ನನಗ ಹ್ಯಾಂಗ ಕಾಣಿಸ್ತು ಅದೇ ಖರೇ. ಅದನ್ನ ಯಾರ ಹಿಡೀತಾರ?”

“ಹಿಡಿಯೋರು ಇಲ್ಲ ಅಂದ್ರ ಪಕ್ಷಪಾತ ಅಲ್ಲೇನ್ರಿ?”

“ಭಾಳ ಮಾತಾಡ್ಲಿಕತ್ತಿ,” ಎಂದು ಮಾವ ಮತ್ತೆ ಕತ್ತರಿ ಎತ್ತಿಕೊಂಡರು.

ಆ ವರ್ಷ ಮಳೆಗಾಲ ಮುಗಿದ ಮೇಲೆ ವಿಭಾಗ ಮಟ್ಟದ ತಂಡಕ್ಕೆ ಆಯ್ಕೆ ಇತ್ತು. ಆ ತಂಡದಲ್ಲಿ ಆಡಿದವರಿಗೆ ಊಟ ವಸತಿಯೊಂದಿಗೆ ತರಬೇತಿ ಸಿಗುತ್ತಿತ್ತು, ಮುಂದೆ ಆಟದ ಮೇಲೆಯೇ ನೌಕರಿ ಹಿಡಿದವರೂ ಇದ್ದರು. ನನಗೆ ಇದ್ದದ್ದು ಅದೊಂದೇ ದಾರಿ. ಆಗಲಿಲ್ಲವೆಂದರೆ ಡಿಗ್ರಿ ಮುಗಿಯುವುದರೊಳಗೆ ಯಾರದಾದರೂ ಮನೆಯ ಒಲೆ ಊದಬೇಕು ಎಂದು ಗೊತ್ತಿತ್ತು. ಗುರುಲಿಂಗಪ್ಪ ಸರ್ ನನ್ನ ಸರ್ಟಿಫಿಕೇಟುಗಳನ್ನು ಫೈಲಿಗೆ ಹಾಕಿ ಮುಖ ಸಣ್ಣದು ಮಾಡಿದರು.

“ಎಲ್ಲಾ ಅದ. ಪೇಪರ್ ಕಟಿಂಗ್ ಒಂದೂ ಇಲ್ಲ ನಿಂದು. ಆಯ್ಕೆ ಕಮಿಟಿಯವರು ಅದನ್ನೇ ಮೊದಲು ನೋಡ್ತಾರ. ಸಾನಿಯಾಂದು ನೋಡು, ಎಷ್ಟು ಅವ. ಸ್ವಂತ ಮಾವನ್ನ ಇಟ್ಕೊಂಡು ನಿಂದೇನವ್ವ ಇದು?”

ನಾಚಿಕೆ ಬಿಟ್ಟು ಮಾವನ ಮುಂದೆ ಹೋಗಿ ನಿಂತೆ. ಹೊಗಳುವುದು ಬೇಡ, ಕಂಡದ್ದಷ್ಟು ಬರೆಯಿರಿ ಎಂದು ಬೇಡಿಕೊಂಡೆ. ಮಾವ ಕತ್ತರಿ ಬದಿಗಿಟ್ಟು ನನ್ನನ್ನು ನೋಡಿದರು. ಆಮೇಲೆ, “ಆಯ್ತು, ಬರೀತೀನಿ. ಬರಿಯೋ ಟೈಮೂ ಬಂದದ,” ಎಂದರು. ಆ ಕೊನೆಯ ಮಾತು ನನಗೆ ಖುಷಿಯಲ್ಲಿ ಕೇಳಿಸಲೇ ಇಲ್ಲ.

ಆಯ್ಕೆಗೆ ಮೊದಲು ಶಹಾಬಾದಿನಲ್ಲಿ ಒಂದು ಪಂದ್ಯ ಆಡಿದೆವು, ಅದರ ಮುಂದಿನ ಭಾನುವಾರ ಪತ್ರಿಕೆಯಲ್ಲಿ ನನ್ನ ಫೋಟೊ ಬಂತು. ಅಂಕಣ ಪೂರ್ತಿ ನನ್ನದೇ. ‘ಕಾಗಿಣಾ ದಂಡೆಯಲ್ಲಿ ಬೆಳೆದ ಈ ಹುಡುಗಿ ಹೊಳೆಯ ಹಾಗೆಯೇ ಓಡುತ್ತಾಳೆ. ಅಡ್ಡ ಬಂದರೆ ದಾರಿ ಬದಲಿಸುತ್ತಾಳೆ, ನಿಲ್ಲುವುದಿಲ್ಲ’ ಎಂದು ಬರೆದಿದ್ದರು. ಅವ್ವನಿಗೆ ಅದನ್ನು ಎರಡು ಸಲ ಓದಿ ಹೇಳಿದೆ. ಅವ್ವ ಈ ಸಲ “ಪೂರಾ ಓದಿದಿ?” ಎಂದು ಕೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ದೇವರ ಮುಂದೆ ದೀಪ ಹಚ್ಚಿದಳು. ಅಪ್ಪ ವಾಡಿಗೆ ಹೋಗದೆ ಮನೆಯಲ್ಲೇ ಉಳಿದು, ಒಗೆದ ಅಂಗಿ ಹಾಕಿಕೊಂಡ. ಇಬ್ಬರೂ ನನ್ನ ಆಟಕ್ಕೆ ಇಷ್ಟು ಸಂಭ್ರಮಪಡುತ್ತಾರಲ್ಲ ಎಂದು ನನಗೆ ಆಶ್ಚರ್ಯ. ಫೋನುಗಳು ಬರತೊಡಗಿದವು. ಕಾಳಗಿಯಿಂದ ದೊಡ್ಡಮ್ಮ, ಚಿಂಚೋಳಿಯಿಂದ ಮಾವನ ಹೆಂಡತಿ ಜಯಮಾಲಾ ಅತ್ತೆಯ ತವರಿನವರು. ಎಲ್ಲರೂ ಅವ್ವನಿಗೆ “ಪೇಪರಿನಾಗೇ ಬಂತಲ್ಲ, ಚೊಲೋ ಆಯ್ತು” ಅನ್ನುವವರೇ. ನನ್ನೊಂದಿಗೆ ಮಾತಾಡಲು ಯಾರೂ ಕೇಳಲಿಲ್ಲ.

ಬಿಸಿಲೇರುವ ಹೊತ್ತಿಗೆ ಮನೆಯ ಮುಂದೆ ಟಂಟಂ ಆಟೊ ನಿಂತಿತು. ಮಾವ, ಜಯಮಾಲಾ ಅತ್ತೆ, ಆನಂದಕುಮಾರ, ಜೊತೆಗೆ ಇಬ್ಬರು ಹಿರಿಯರು. ಅತ್ತೆಯ ಕೈಯಲ್ಲಿ ಸೀರೆ, ಕುಬಸ, ಕೊಬ್ಬರಿ ಬಟ್ಟಲು, ಸಕ್ಕರೆ ಪೊಟ್ಟಣ. ಮಾವನ ಕೈಯಲ್ಲಿ ಆ ದಿನದ ಪತ್ರಿಕೆ.

“ನೋಡಪ್ಪ ಕಾಶಪ್ಪ,” ಎಂದು ಮಾವ ಚಾಪೆಯ ಮೇಲೆ ಪತ್ರಿಕೆ ಹಾಸಿದರು. “ಮಂದಿ ನಾಕ್ ಮಂದಿ ಮುಂದ ಹೆಣ್ಣು ಕೇಳ್ತಾರ. ನಾ ನಾಕ್ ತಾಲೂಕಿನ ಮುಂದ ಕೇಳೀನಿ.”

ಹಿರಿಯರು ನಕ್ಕರು. ಅಪ್ಪ ಕೈ ಮುಗಿದ. ಅವ್ವ ನನ್ನನ್ನು ಒಳಗೆ ಕರೆದು ಮುಖ ತೊಳೆದುಕೊಂಡು ಬಾ ಎಂದಳು. ನಾನು ಹಾಗೇ ನಿಂತೆ. ನನ್ನ ಕಾಲು, ನನ್ನ ಉಸಿರು, ನನ್ನ ಬೆವರು ಎಲ್ಲ ಸೇರಿ ಇವರಿಗೆ ರೊಟ್ಟಿ ಬಡಿಯುವುದರ ಹೊಗಳಿಕೆಯಾಗಿತ್ತು. ಇಡೀ ತಾಲ್ಲೂಕು ಅದನ್ನು ಹಾಗೆಯೇ ಓದಿತ್ತು. ಆಟ ಎಂದು ಓದಿದವಳು ನಾನೊಬ್ಬಳೇ.

“ನೀವು ನನ್ನ ಆಟದ ಬಗ್ಗೆ ಬರದೀರಿ ಅಂತ ತಿಳ್ಕೊಂಡಿದ್ದೆ ಮಾವ,” ಎಂದೆ.

“ಆಟದ್ದೂ ಬರದೀನಲ್ಲ. ಇನ್ನ ನೀ ನಮ್ಮ ಮನಿ ಮಗಳು, ಮಂದಿ ಅನ್ನೋದೇನದ?”

“ನಾ ಒಲ್ಲೆ.”

ಅವ್ವ ನನ್ನ ರಟ್ಟೆ ಹಿಡಿದು ಚಿವುಟಿದಳು. ನಾನು ಬಿಡಲಿಲ್ಲ. “ನಾ ಆಡಬೇಕು. ಕಮಿಟಿಯವರು ವಾಡಿಗೆ ಬರ್ಲಿಕತ್ಯಾರ. ಲಗ್ನ ಈಗ ಒಲ್ಲೆ, ಆನಂದನ್ನ ಎಂದೂ ಒಲ್ಲೆ. ಆನಂದ, ನೀನರ ಹೇಳೋ. ನಿನಗರ ನಾ ಬೇಕಾಗೀನೇನು?”

ಆನಂದ ತಲೆ ಎತ್ತಿ ಅಪ್ಪನ ಮುಖ ನೋಡಿದ. ಆ ದಿನ ಪರದೆಯ ಕಡೆ ನೋಡಿದ ಹಾಗೆಯೇ ನೋಡಿದ. ಅಲ್ಲಿಂದ ಯಾವ ಮಾತೂ ಬರಲಿಲ್ಲ, ಹಾಗಾಗಿ ಅವನೂ ಆಡಲಿಲ್ಲ.

ಮಾವ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಪತ್ರಿಕೆಯನ್ನು ಮಡಿಕೆ ಹಾಳಾಗದಂತೆ ಮಡಿಚಿ ಚೀಲದಲ್ಲಿಟ್ಟುಕೊಂಡರು. ಅವ್ವ ತಂದ ಚಹಾ ಮುಟ್ಟದೆ ಎದ್ದರು. ಅತ್ತೆ ಸೀರೆ ಎತ್ತಿಕೊಂಡಳು, ಸಕ್ಕರೆ ಪೊಟ್ಟಣ ಮರೆತಳು. ಅದನ್ನು ಯಾರೂ ಮುಟ್ಟಲಿಲ್ಲ, ಮರುದಿನ ಇರುವೆ ಮುತ್ತಿದವು.

ವಾಡಿಯ ಮೈದಾನದಲ್ಲಿ ಆಯ್ಕೆಯ ಪಂದ್ಯ ನಡೆಯಿತು. ಕಮಿಟಿಯವರು ಶಾಮಿಯಾನದ ಕೆಳಗೆ ಕೂತಿದ್ದರು. ಮಾವನೂ ಪಕ್ಕದ ಕುರ್ಚಿಯಲ್ಲೇ ಇದ್ದರು. ಆ ದಿನ ನಾನು ಹೇಗೆ ಆಡಿದೆ ಎಂದು ನಾನೇ ಹೇಳಿದರೆ ನೀವು ನಂಬಬೇಕಾಗಿಲ್ಲ. ಇಷ್ಟು ಹೇಳುತ್ತೇನೆ: ನಾನು ಮೈದಾನ ಬಿಟ್ಟಾಗ ಎದುರು ತಂಡದ ಕೋಚ್ ಬಂದು ಕೈ ಕುಲುಕಿದ.

ಒಂದು ತಪ್ಪು ಮಾಡಿದೆ, ಅದನ್ನೂ ಹೇಳುತ್ತೇನೆ. ಖೋ ಖೋದಲ್ಲಿ ಬೆನ್ನಟ್ಟುವ ತಂಡದವರು ಸಾಲಾಗಿ ಕೂತಿರುತ್ತಾರೆ. ಅದೇ ತಂಡದಲ್ಲಿ ಬೆನ್ನಟ್ಟಿ ಓಡುತ್ತಿರುವವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ ‘ಖೋ’ ಅಂದ ಮೇಲೆಯೇ ಕೂತವಳು ಏಳಬೇಕು. ಮೊದಲೇ ಎದ್ದರೆ ಫೌಲು. ಆ ದಿನ ಒಂದು ಸಲ ನಾನು ಮೊದಲೇ ಎದ್ದೆ, ಸೀಟಿ ಬಿತ್ತು, ಮತ್ತೆ ಕೂತೆ. ಇಂಥದ್ದು ಎಲ್ಲ ಪಂದ್ಯದಲ್ಲೂ ಎಲ್ಲರಿಂದಲೂ ಆಗುತ್ತದೆ. ಸಾನಿಯಾಳಿಂದಲೂ ಅದೇ ದಿನ ಆಗಿತ್ತು.

ಮಾವನ ಅಂಕಣದ ತಲೆಬರಹ: ‘ಖೋ ಬೀಳುವ ಮುನ್ನವೇ ಏಳುವವರು’.

ಆ ಬರಹ ಮಾವನದು ಎಂದು ಹೇಳಲಾಗದ ಹಾಗಿತ್ತು. ಹೊಳೆ ಇಲ್ಲ, ಬಿಸಿಲಿಲ್ಲ, ಎದೆ ಮುಟ್ಟುವುದಿಲ್ಲ. ಕಚೇರಿಯ ನೋಟೀಸಿನಂಥ ಭಾಷೆ. ‘ಶೈಲಶ್ರೀ ಅವರಲ್ಲಿ ವೇಗವಿದೆ. ಆದರೆ ಖೋ ಬೀಳುವ ಮುನ್ನವೇ ಏಳುವ ಚಾಳಿಯೂ ಇದೆ. ಕೂರುವುದನ್ನು ಕಲಿಯದವರು ಓಡುವುದನ್ನು ಕಲಿತರೆ ತಂಡಕ್ಕೆ ಹೊರೆ. ಈಕೆ ಈ ಅಂಕಣಕಾರನ ಸ್ವಂತ ತಂಗಿಯ ಮಗಳು. ಮನಸ್ಸಿಗೆ ನೋವಾದರೂ ಸತ್ಯ ಹೇಳಲೇಬೇಕಾಗಿದೆ.’

ಮಾವ ಸುಳ್ಳು ಬರೆಯಲಿಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಸುಳ್ಳು ಬರೆದಿದ್ದರೆ ನಾಲ್ಕು ಜನರಿಗೆ ತೋರಿಸಿ ಜಗಳವಾಡಬಹುದಿತ್ತು. ನಾನು ಎದ್ದದ್ದು ನಿಜ, ಸೀಟಿ ಬಿದ್ದದ್ದು ನಿಜ. ಒಂದು ಸಲದ್ದನ್ನು ಚಾಳಿ ಎಂದರು, ಅಷ್ಟೇ. ಉಳಿದ ಆಟವನ್ನು ಅವರು ಕಾಣಲಿಲ್ಲ. ತನಗೆ ಕಂಡದ್ದೇ ನಿಜ ಎಂಬ ಕಲೆಯ ನೇಮವನ್ನು ಆ ವಾರ ಆಟಕ್ಕೂ ತಂದಿದ್ದರು.

ಊರಿಗೆ ಊರೇ ಮಾವನನ್ನು ಹೊಗಳಿತು. ಹೋಟೆಲಿನಲ್ಲಿ ಓದಿದವರು, “ಎದಿ ಬೇಕ್ರಿ ಇದಕ್ಕ. ತಂಗಿ ಮಗಳನ್ನೂ ಬಿಡಲಿಲ್ಲ” ಎಂದರಂತೆ. ಬರಹದ ಫೋಟೊ ಒಬ್ಬರ ಫೋನಿನಿಂದ ಒಬ್ಬರ ಫೋನಿಗೆ ಹೋಗಿ ಕೊನೆಗೆ ನನಗೇ ಬಂತು. ಹೊಗಳಿದಾಗ ಅದು ಹೆಣ್ಣು ಕೇಳುವ ಮಾತು ಎಂದು ಎಲ್ಲರಿಗೂ ತಿಳಿದಿತ್ತು. ತೆಗಳಿದಾಗ ಮಾತ್ರ ಒಬ್ಬರಿಗೂ ಏನೂ ತಿಳಿಯಲಿಲ್ಲ. ತೆಗಳಿಕೆಗೆ ಕಾರಣ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ.

ಗುರುಲಿಂಗಪ್ಪ ಸರ್ ಕಮಿಟಿಯವರನ್ನು ಕಂಡು ಬಂದರು. ಕಾಲೇಜಿನ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

“ನಾ ಭಾಳ ಹೇಳಿದೆ. ಅವರು ಏನಂದ್ರು ಗೊತ್ತದೇನು? ಸೋದರಮಾವನೇ ಇಷ್ಟು ಬರದಾನ ಅಂದ್ರ ಇನ್ನೆಷ್ಟು ಮುಚ್ಚಿಟ್ಟಾನೋ ಅಂದ್ರು. ನಿನ್ನ ಫೈಲ್ ತೆಗದೂ ನೋಡಲಿಲ್ಲ. ಸಾನಿಯಾಂದು ಆಯ್ತು.”

ಮನೆಗೆ ಸೀರೆ ಬಂದದ್ದನ್ನು, ನಾನು ಒಲ್ಲೆ ಅಂದದ್ದನ್ನು ಆಗ ಸರ್‌ಗೆ ಹೇಳಿದೆ. ಅವರು ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡರು.

“ಇದನ್ನ ಹೋಗಿ ಅವರಿಗೆ ಹೇಳ್ರಿ ಸರ್.”

“ಹ್ಯಾಂಗ ಹೇಳ್ಲೆವ್ವ? ಇದು ನಿಮ್ಮ ಮನಿ ಮಾತು. ಅದು ಪೇಪರಿನ ಮಾತು.”

ಸಾನಿಯಾ ನನ್ನನ್ನು ತಬ್ಬಿಕೊಂಡು ಅತ್ತಳು. “ನಾನೂ ಎದ್ದಿದ್ನಲ್ಲೇ,” ಎಂದಳು. ಹೊರಡುವ ದಿನ ತನ್ನ ಹಳೆಯ ಬೂಟು ನನಗೆ ಕೊಟ್ಟು ಹೋದಳು. ನಾನು ಅವನ್ನು ಹಾಕಿಕೊಳ್ಳಲಿಲ್ಲ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಇಲ್ಲ ಎಂದರೆ ಅದು ಸುಳ್ಳಾಗುತ್ತದೆ.

ಇದೆಲ್ಲ ಮುಗಿದ ಮೇಲೆ ಕಾಳಗಿಯ ಒಂದು ಸಾಂಸ್ಕೃತಿಕ ಸಂಘದವರು ಮಾವನಿಗೆ ‘ನಿರ್ಭೀತ ವಿಮರ್ಶಕ’ ಎಂಬ ಬಿರುದು ಕೊಟ್ಟು ಸನ್ಮಾನ ಇಟ್ಟುಕೊಂಡರು. ನಾನು ಬರುವುದಿಲ್ಲ ಎಂದೆ. ಅವ್ವ ಎರಡು ಹೊತ್ತು ಊಟ ಬಿಟ್ಟಳು. ಅಣ್ಣನ ಮನೆಯ ಬಾಗಿಲು ತನಗೆ ಮುಚ್ಚಿಹೋಗುತ್ತದೆ ಎಂಬುದು ಅವಳ ಭಯ. ಆ ಭಯ ಸುಳ್ಳಲ್ಲ, ಹಬ್ಬಕ್ಕೆ ಕರೆಯುವ ತವರು ಅವಳಿಗೆ ಅದೊಂದೇ. ಕೊನೆಗೆ ಹೋದೆ.

ಮಾವನಿಗೆ ಶಾಲು ಹೊದಿಸಿದರು, ಪೇಟ ಸುತ್ತಿದರು. ಮಾತಾಡಿದವರೆಲ್ಲ ಆ ಅಂಕಣದ ಮಾತನ್ನೇ ಆಡಿದರು. ಒಬ್ಬರಂತೂ, ಕರುಳಿನ ಸಂಬಂಧವನ್ನು ಕತ್ತರಿಸಿ ಸತ್ಯದ ಪಾದಕ್ಕಿಟ್ಟವರು ಎಂದುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿ ಅವ್ವನೂ ತಟ್ಟಿದಳು. ಆಮೇಲೆ ಮಾವ ಎದ್ದು, ಮೈಕಿನ ಮುಂದೆ ನಿಂತು, ಸ್ವಲ್ಪ ಹೊತ್ತು ಗಂಟಲು ತುಂಬಿದವರಂತೆ ಸುಮ್ಮನಿದ್ದರು. ಮೌನದ ಬೆಲೆ ಅವರಿಗೆ ಗೊತ್ತು.

“ತಂಗಿ ಮಗಳ ಬಗ್ಗೆ ಹಂಗ ಬರಿಯೋವಾಗ ನನ್ನ ಕೈ ನಡುಗಿತ್ರಿ,” ಎಂದರು.

ನಾನು ಎದ್ದು ನಿಂತೆ. ಏಳಬೇಕೆಂದು ಮೊದಲೇ ಅಂದುಕೊಂಡಿರಲಿಲ್ಲ.

“ಅದರ ಹಿಂದಿನ ವಾರ ನೀವು ಆನಂದನ ಸಲುವಾಗಿ ನಮ್ಮ ಮನಿಗಿ ಸೀರಿ ತಂದಿದ್ರಿ ಮಾವ. ನಾ ಒಲ್ಲೆ ಅಂದೆ. ಅದನ್ನೂ ಇವರಿಗೆ ಹೇಳ್ರಿ.”

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಒಂದು ಗ್ರಾಸ ನುಂಗುವಷ್ಟು ಹೊತ್ತು ಮಾವನ ಮುಖ ಬಿಳಿಚಿಕೊಂಡದ್ದನ್ನು ನಾನು ಕಂಡೆ, ಅದನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಾರರು. ಆಮೇಲೆ ಅವರು ಪೇಟ ಸರಿಮಾಡಿಕೊಂಡು ನಕ್ಕರು.

“ನೋಡ್ರಿ, ನಾ ಬರದದ್ದು ಖರೇ ಅನ್ಲಿಕ್ಕ ಸಾಕ್ಷಿ ಇಲ್ಲೇ ಅದ. ಇನ್ನೂ ಖೋ ಬಿದ್ದಿಲ್ಲ, ಆಗಲೇ ಎದ್ದಾಳ.”

ಸಭೆ ಗೊಳ್ಳೆಂದು ನಕ್ಕಿತು. ವೇದಿಕೆಯ ಮೇಲಿನವರು ನಕ್ಕರು, ಹಿಂದೆ ನಿಂತವರು ನಕ್ಕರು, ಆನಂದಕುಮಾರನೂ ಅತ್ತ ಇತ್ತ ನೋಡಿ ನಕ್ಕ. “ಕುಂದ್ರು, ಕುಂದ್ರ ನಮ್ಮವ್ವ,” ಎಂದು ಅವ್ವ ನನ್ನ ಓಢಣಿ ಹಿಡಿದು ಎಳೆಯುತ್ತಿದ್ದಳು. ನಾನು ಕೂರಲಿಲ್ಲ. ನಿಂತೇ ಇದ್ದೆ. ನಿಂತವಳನ್ನು ಬಿಟ್ಟು ಕಾರ್ಯಕ್ರಮ ಮುಂದೆ ಹೋಯಿತು. ವಂದನಾರ್ಪಣೆ ಆಯಿತು, ಉಪ್ಪಿಟ್ಟು ಹಂಚಿದರು.

ಮರುದಿನ ಪತ್ರಿಕೆ ಬರುವುದನ್ನೇ ಅವ್ವ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ನನ್ನನ್ನು ಕೂರಿಸಿದಳು. ಈ ಭಾಗದ ಸುದ್ದಿಗೆಲ್ಲ ಮಾವನೊಬ್ಬರೇ ಆದ್ದರಿಂದ ತಮ್ಮ ಸನ್ಮಾನದ ವರದಿಯನ್ನೂ ಅವರೇ ಬರೆದು ಕಳಿಸಿದ್ದರು. ನಾನು ಜೋರಾಗಿ ಓದಿದೆ. ಸ್ವಾಗತಿಸಿದವರು, ನಿರೂಪಿಸಿದವರು, ಪ್ರಾರ್ಥನೆ ಹಾಡಿದವರು, ವೇದಿಕೆಯ ಮೇಲಿದ್ದವರು, ವಂದಿಸಿದವರು, ಎಲ್ಲರ ಹೆಸರೂ ಇತ್ತು. ‘ಸಮಾರಂಭ ಅಚ್ಚುಕಟ್ಟಾಗಿ ನೆರವೇರಿತು’ ಎಂದು ಮುಗಿದಿತ್ತು.

“ನಿಂದು ಬಂದದೇನು?” ಎಂದು ಅವ್ವ ಕೇಳಿದಳು. ಈ ಸಲ ಬಂದಿರಬಾರದು ಎಂಬ ಅಂಜಿಕೆಯಲ್ಲಿ ಕೇಳಿದಳು.

“ಇಲ್ಲವ್ವ.”

“ಪೂರಾ ಓದಿದಿ?”

“ಪೂರಾ.”

ಅವ್ವನ ಮುಖ ತಿಳಿಯಾಯಿತು. ಬಹಳ ದಿನಗಳ ಮೇಲೆ ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು.

“ಹಂಗಾದ್ರ ಏನೂ ಆಗಿಲ್ಲ ಬಿಡು,” ಎಂದು ರೊಟ್ಟಿ ಬಡಿಯಲು ಎದ್ದಳು.